ಎಡ ಸೀಟಿನ ಬ್ರೇಕು

ಹಾಲು ತರಲು ಹೋದ ವಿರೂಪಾಕ್ಷ ಬರಿಗೈಯಲ್ಲಿ ತಿರುಗಿ ಬಂದು, "ಅವ್ವನ ಗಾಡಿಗೆ ಬೇಡಿ ಬಿದ್ದೈತಿ" ಎಂದಾಗ ದಾಕ್ಷಾಯಣಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಗಂಡ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಹುಬ್ಬಳ್ಳಿಯ ಯಾರ ಗಾಡಿಗೆ ಬೇಕಾದರೂ ಬೇಡಿ ಬೀಳಬಹುದು, ತನ್ನ ಅತ್ತೆಯ ಗಾಡಿಗೆ ಬೀಳಲಾರದು. ತೆರಿಗೆ ಕಟ್ಟುವ ದಿನ ಬಂದರೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಹೋಗಿ ಕೂರುವ ಪೈಕಿ ಬಸಲಿಂಗವ್ವ. ಮೇಲಾಗಿ, ಬೇಡಿ ಹಾಕಿಸುವ ಕಚೇರಿಯಲ್ಲೇ ದಾಕ್ಷಾಯಣಿಯ ನೌಕರಿ.

"ಖರೇನ ಅಂತೀನಿ. ಬಂದು ನೋಡು."

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬೇವಿನ ಮರದ ಕೆಳಗೆ ಅತ್ತೆಯ ಹಳೆಯ ನೀಲಿ ಕಾರು ನಿಂತಿತ್ತು. ನೆತ್ತಿಯ ಮೇಲೆ 'ಬಸಲಿಂಗವ್ವ ಡ್ರೈವಿಂಗ್ ಸ್ಕೂಲ್, ಮಹಿಳೆಯರಿಗೆ ಮಾತ್ರ' ಎಂಬ ಫಲಕ. ಹಿಂದಿನ ಗಾಲಿಯನ್ನು ಹಳದಿ ಬಣ್ಣದ ದಪ್ಪ ಉಕ್ಕಿನ ಆಮೆಯೊಂದು ಕಚ್ಚಿ ಹಿಡಿದಿತ್ತು. ಬೇಡಿ ಎಂದರೆ ಅದೇ. ತಾನೇ ತೆವಳಿಕೊಂಡು ಬಂದು, ಗಾಡಿ ಹುಡುಕಿ, ಗಾಲಿ ಕಚ್ಚಿ ಕುಳಿತುಬಿಡುವ ಯಂತ್ರ. ಆಜ್ಞೆಯಿಲ್ಲದೆ ಬಾಯಿ ಬಿಡುವುದಿಲ್ಲ.

ಬಸಲಿಂಗವ್ವ ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅರವತ್ತೆಂಟರ ಹೆಂಗಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಗಂಟಲು.

"ದಾಕ್ಷಿ, ಇದರ ಮ್ಯಾಲೆ ಬರದದ್ದು ಓದಿದಿ? ಈ ಒಂದು ನಂಬರಿನಾಗ ನಾ ಹದಿನೇಳು ಗಾಡಿ ಓಡಸಾಕತ್ತೇನಂತ. ಹದಿನಾರಕ್ಕ ತೆರಿಗಿ ತಪ್ಪಿಸೇನಂತ. ಹದಿನೇಳು ಗಾಡಿ ಇದ್ದಿದ್ರ ನಾ ಯಾಕ ಈ ಡಬ್ಬಿಯೊಳಗ ಕೂಡತಿದ್ದೆ?"

ದಾಕ್ಷಾಯಣಿ ಬೇಡಿಯ ಬೆನ್ನ ಮೇಲಿನ ಸಣ್ಣ ಪರದೆ ಓದಿದಳು. ಅತ್ತೆ ಹೇಳಿದ್ದು ನಿಜ. ಮುಂದಿನ ವಾರ ವಿಚಾರಣೆ. ಅಲ್ಲಿ ತಪ್ಪಿಲ್ಲವೆಂದು ತೋರಿಸಲಾಗದಿದ್ದರೆ ಗಾಡಿ ಗುಜರಿಗೆ.

ಅವಳು ಕೆಲಸ ಮಾಡುವ ಕಚೇರಿಗೆ ಉದ್ದನೆಯ ಸರಕಾರಿ ಹೆಸರೊಂದಿತ್ತು. ಜನ ಅದನ್ನು ಹೆಜ್ಜೆಮನೆ ಎನ್ನುತ್ತಿದ್ದರು. ಹಿಂದೊಮ್ಮೆ ಸುಳ್ಳು ನಂಬರ್ ಪ್ಲೇಟುಗಳ ಹಾವಳಿ ಮಿತಿಮೀರಿತ್ತು. ಒಂದೇ ನಂಬರಿನಲ್ಲಿ ಆರೆಂಟು ಗಾಡಿ ಓಡಿಸಿ ಒಂದಕ್ಕಷ್ಟೇ ತೆರಿಗೆ ಕಟ್ಟುವವರು ಊರೂರಿಗೆ ಹುಟ್ಟಿಕೊಂಡಿದ್ದರು. ಅದಕ್ಕೆ ಮದ್ದಾಗಿ ರಸ್ತೆಗಳ ಡಾಂಬರಿನ ಕೆಳಗೆ ಕೂದಲೆಳೆಯಂಥ ಗಾಜಿನ ತಂತು ಹಾಸಿದರು. ತಂತುವಿನೊಳಗೆ ಬೆಳಕು ಹರಿಯುತ್ತಿರುತ್ತದೆ. ಮೇಲೆ ಗಾಡಿ ಹಾದರೆ ಆ ಬೆಳಕು ನಡುಗುತ್ತದೆ. ಗಾಡಿಯ ತೂಕ, ಗಾಲಿಯ ಸವೆತ, ಇಂಜಿನ್ನಿನ ಮಿಡಿತ, ಓಡಿಸುವವರು ಕ್ಲಚ್ ಬಿಡುವ ರೀತಿ, ಬ್ರೇಕ್ ಹಾಕುವ ಚಾಳಿ ಎಲ್ಲವೂ ಆ ನಡುಕದಲ್ಲಿ ಮೂಡುತ್ತವೆ. ಮನೆಯೊಳಗೆ ಕೂತವರು ಹೊರಗಿನ ಮೆಟ್ಟಿನ ಸಪ್ಪಳ ಕೇಳಿಯೇ ಬಂದವರು ಯಾರೆಂದು ಹೇಳುವುದಿಲ್ಲವೇ? ಹಾಗೆ ಹೆಜ್ಜೆಮನೆಯ ಯಂತ್ರ ನಡುಕ ನೋಡಿ ಗಾಡಿಯ ಗುರುತು ಹೇಳುತ್ತಿತ್ತು. ಮೊದಲೇ ಹೆಸರು ಬರೆಸಿದ ಮನೆಮಂದಿ ನಾಲ್ಕು ಜನ ಒಂದೇ ಗಾಡಿ ಓಡಿಸಿದರೆ ಯಂತ್ರ ತಬ್ಬಿಬ್ಬಾಗುತ್ತಿರಲಿಲ್ಲ. ಅದಕ್ಕೂ ಮೀರಿ ಬೇರೆ ಬೇರೆ ನಡಿಗೆ ಕಂಡರೆ, ಒಂದು ನಂಬರಿನ ಹಿಂದೆ ಹಲವು ಗಾಡಿ ಅಡಗಿವೆ ಎಂದು ತೀರ್ಮಾನಿಸುತ್ತಿತ್ತು.

ಬಸಲಿಂಗವ್ವನ ಕಾರಿನ ಸ್ಟೇರಿಂಗ್ ಹಿಡಿದವರು ದಿನಕ್ಕೊಬ್ಬರು. ಒಬ್ಬಳು ಕುಪ್ಪಳಿಸುತ್ತಾಳೆ, ಒಬ್ಬಳು ತೆವಳುತ್ತಾಳೆ, ಇನ್ನೊಬ್ಬಳು ಬಿಕ್ಕಳಿಸುತ್ತಾಳೆ. ಮುಕ್ಕಾಲು ಪಾಲು ಗಾಡಿಗಳು ತಾವೇ ಓಡುವ ಈ ಕಾಲದಲ್ಲಿ ಉಳಿದ ಡ್ರೈವಿಂಗ್ ಶಾಲೆಗಳೆಲ್ಲ ಗೋಡೆಯೊಳಗಿನ ಮೈದಾನಕ್ಕೆ ಸರಿದಿದ್ದವು. ನಿಜವಾದ ರಸ್ತೆಯಲ್ಲಿ, ಎಮ್ಮೆ ಕೈಗಾಡಿಗಳ ನಡುವೆ ಕಲಿಸುವ ಶಾಲೆ ಊರಿಗೆ ಇದೊಂದೇ ಉಳಿದಿತ್ತು.

"ನಿಮ್ಮ ಶಾಗಿರ್ದರ ಸಲುವಾಗಿ ಯಂತ್ರಕ್ಕ ತಲಿ ಕೆಟ್ಟೈತ್ರಿ ಅತ್ತಿ," ಎಂದಳು ದಾಕ್ಷಾಯಣಿ.

"ನನಗೂ ಕೆಡತೈತಿ. ನಾ ಏನ್ ಅವರ ಕಾಲಿಗೆ ಬೇಡಿ ಹಾಕೇನಿ?"

ಆ ಹೊತ್ತಿಗೆ ಮೆಹರುನ್ನಿಸಾ ಓಡಿಕೊಂಡು ಬಂದಳು. ಅವಳ ಪಾಠ ಬೆಳಿಗ್ಗೆ. ಬೇಡಿ ನೋಡಿ ನಿಂತಲ್ಲೇ ನಿಂತಳು. ಹಳೇ ಹುಬ್ಬಳ್ಳಿಯ ಓಣಿಗಳಿಗೆ ತಾನೇ ಓಡುವ ಆಂಬುಲೆನ್ಸ್ ಬರುತ್ತಿರಲಿಲ್ಲ. ದಾರಿ ಕಿರಿದೆಂದು ಲೆಕ್ಕ ಹಾಕಿ ದೊಡ್ಡ ರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಹೋದ ವರ್ಷ ಮೆಹರುನ್ನಿಸಾಳ ಅಕ್ಕನನ್ನು ಹೆರಿಗೆ ನೋವಿನಲ್ಲಿ ಮಂಚದ ಮೇಲೆ ಹೊತ್ತು ಆ ರಸ್ತೆಯವರೆಗೆ ತರಬೇಕಾಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಆಮೇಲೆ ಓಣಿಯವರು ಸೇರಿ, ಗೇರು ಹಾಕಿ ಓಡಿಸುವ ಹಳೆಯ ಸಣ್ಣ ಆಂಬುಲೆನ್ಸೊಂದನ್ನು ದುರಸ್ತಿ ಮಾಡಿಸಿದ್ದರು. ಓಡಿಸುವವರು ಬೇಕಿತ್ತು. ಮೆಹರುನ್ನಿಸಾ ತಾನು ಓಡಿಸುತ್ತೇನೆ ಎಂದಿದ್ದಳು. ಲೈಸೆನ್ಸ್ ಪರೀಕ್ಷೆಗೆ ಉಳಿದದ್ದು ಸ್ವಲ್ಪವೇ ದಿನ.

"ಟೀಚರ್, ಈಗೇನ್ ಮಾಡೋದ್ರೀ?"

"ಏನ್ ಮಾಡೋದು? ಪಾಠ ಮಾಡೋದು. ಕೂಡು ಒಳಗ."

"ಗಾಡಿ ನಡಿಯಂಗಿಲ್ಲಲ್ರೀ."

"ನಡೀಲಿಲ್ಲಂದ್ರ ಛಲೋನ ಆತು. ಗುದ್ದೋ ಅಂಜಿಕಿ ಇಲ್ಲ."

*

ಹೆಜ್ಜೆಮನೆಯ ನಿಯಂತ್ರಣ ಕೊಠಡಿ ಯಾವಾಗಲೂ ತಣ್ಣಗೆ. ಗೋಡೆಯ ತುಂಬ ಊರಿನ ರಸ್ತೆಗಳು ಬೆಳಕಿನ ಗೆರೆಗಳಾಗಿ ಮಿನುಗುತ್ತಿದ್ದವು. ದಾಕ್ಷಾಯಣಿಗೆ ಈ ಕೊಠಡಿ ಎಂದರೆ ಪ್ರೀತಿ. ಗೋಕುಲ ರಸ್ತೆಯಲ್ಲಿ ಕುಂಟುತ್ತ ಹೋಗುವ ಗೆರೆ ಗ್ಯಾಸ್ ಸಿಲಿಂಡರಿನ ಗಾಡಿ, ಉಣಕಲ್ ಕಡೆಯಿಂದ ತೇಲಿಕೊಂಡು ಬರುವುದು ಹೂವಿನ ಗಾಡಿ ಎಂದು ನೋಡಿದ ಕೂಡಲೇ ಹೇಳುತ್ತಿದ್ದಳು. ತನ್ನ ಮುಂದಿನ ಪರದೆಯಲ್ಲಿ ಅತ್ತೆಯ ಗಾಡಿಯ ನಂಬರ್ ಹಾಕಿದಳು. 'ಸಂಬಂಧಿಕರ ವಾಹನ, ನಿಮಗೆ ಅನುಮತಿ ಇಲ್ಲ' ಎಂಬ ಕೆಂಪು ಪಟ್ಟಿ ಬಂತು.

ಮುಖ್ಯಸ್ಥ ಹಂಚಿನಾಳರ ಕೋಣೆಗೆ ಹೋದಳು. ತೆಳ್ಳಗೆ ಎತ್ತರದ ಮನುಷ್ಯ, ಮಾತು ಮೆತ್ತಗೆ. ಇಡೀ ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿದರು.

"ದಾಕ್ಷಾಯಣಿಯವರ, ನಿಮ್ಮ ಅತ್ತಿಯವರು ಸುಳ್ಳ ಹೇಳವರಲ್ಲ, ನನಗ ಗೊತ್ತೈತಿ. ನಮ್ಮ ಮನಿಯಾಕಿಗೆ ಗಾಡಿ ಕಲಿಸಿದವರ ಅವರು. ಆದ್ರ ನಾ ಈಗ ಬಾಯಿಮಾತಿಗೆ ಬೇಡಿ ಬಿಚ್ಚಿಸಿದೆ ಅಂದ್ರ, ನಾಳಿ ಖರೇ ಕಳ್ಳರೂ 'ನಾವೂ ಡ್ರೈವಿಂಗ್ ಶಾಲಿ ನಡಸ್ತೀವ್ರೀ' ಅಂತ ಬಂದು ಕೂಡತಾರ. ಹದಿನೇಳೂ ಒಂದ ಗಾಡಿ ಅಂತ ತೋರಸ್ರಿ. ಯಂತ್ರಕ್ಕ ತಿಳಿಯೋ ಹಂಗ ತೋರಸ್ರಿ."

"ದಾಖಲಿ ನನಗ ತೆರಿಯಂಗಿಲ್ಲಲ್ರೀ ಸರ್."

"ನಿಮಗ ತೆರಿಯಂಗಿಲ್ಲ. ಗಾಡಿ ಮಾಲಕರು ಕೇಳಿದ್ರ ಅವರಿಗೆ ಕೊಡಬೇಕು. ಕಾಯ್ದೇನ ಐತಿ." ಹಂಚಿನಾಳರು ಕನ್ನಡಕ ಹಾಕಿಕೊಂಡು ಕಿಟಕಿಯತ್ತ ನೋಡಿದರು. "ಅವರು ಮನ್ಯಾಗ ಕೂತು ಯಾರ ಜೋಡಿ ನೋಡ್ತಾರಂತ ನಾ ಕೇಳಂಗಿಲ್ಲ."

ನಿಯಂತ್ರಣ ಕೊಠಡಿಯಲ್ಲಿ ಬೇಡಿ ತೆಗೆಸುವ ಗುಂಡಿಗಳ ಸಾಲೊಂದಿತ್ತು. ಅವಳ ಗೆಳತಿಯೊಬ್ಬಳದೇ ಅಂದಿನ ಪಾಳಿ. ಊಟದ ಹೊತ್ತಿಗೆ ಆ ಗೆಳತಿ, "ನಾ ಒಂದು ಸಲ ಒತ್ತಲೇನು? ಯಾರಿಗೂ ತಿಳಿಯಂಗಿಲ್ಲ" ಎಂದಳು. ದಾಕ್ಷಾಯಣಿ ಬೇಡವೆಂದಳಾದರೂ ಸಂಜೆ ಮನೆಗೆ ಬಂದು ಅತ್ತೆಗೆ ಅದನ್ನು ಹೇಳಿದಳು. ಮನಸ್ಸಿನಲ್ಲಿ ಆಸೆ ಇತ್ತೆಂದೇ ಹೇಳಿದ್ದು.

ಬಸಲಿಂಗವ್ವ ಬೆಲ್ಲ ಹಾಕಿದ ಅಳ್ಳಿಟ್ಟಿನ ಉಂಡೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಒತ್ತಿದ್ರ ನನ್ನ ಗಾಡಿ ಬಿಡತೈತಿ. ಬ್ಯಾರೆ ಯಾರರೆ ನನ್ನಂಗ ಸಿಕ್ಕಿದ್ರ? ಅವರ ಸೊಸಿ ಹೆಜ್ಜೆಮನ್ಯಾಗ ಇರತಾಳೇನು? ಬ್ಯಾಡವ್ವ. ನಾ ಬರೋಬರಿ ಅದೇನಿ, ಬರೋಬರಿ ದಾರಿಲೇ ಬಿಡಸ್ಕೋತೀನಿ."

*

ದಾಖಲೆಯ ಪ್ರತಿಗೆ ಅರ್ಜಿ ಹೋಯಿತು. ಅದು ಬರುವ ತನಕ ಬೇವಿನ ಮರದ ಕೆಳಗೆ ಪಾಠ ನಡೆದೇ ನಡೆಯಿತು. ನಿಂತ ಗಾಡಿ ಎಂದರೆ ಓಣಿಯವರಿಗೆ ಕಟ್ಟೆ ಇದ್ದಂತೆ. ಬಾನೆಟ್ಟಿನ ಮೇಲೆ ಪಕ್ಕದ ಮನೆಯವರು ಸಂಡಿಗೆ ಒಣಹಾಕಿದರು. ಯಾರೋ ಬೇಡಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಗಾಡಿಯೊಳಗೆ ಮಾತ್ರ ಬಸಲಿಂಗವ್ವ ಎಡ ಸೀಟಿನಲ್ಲಿ ನೆಟ್ಟಗೆ ಕೂತು, ಎದುರಿನ ಕಾಂಪೌಂಡ್ ಗೋಡೆಯನ್ನೇ ರಸ್ತೆಯೆಂದು ಬಗೆದು ಕೂಗುತ್ತಿದ್ದಳು.

"ಎರಡನೇ ಗೇರು. ಹೂಂ. ಬಲಕ್ಕ ಶಾಲಿ ಐತಿ, ನಿಧಾನ. ಅಯ್ಯ, ಮುಂದ ಎಮ್ಮಿ ಬಂತು!"

ಮೆಹರುನ್ನಿಸಾ ಗಾಬರಿಯಿಂದ ಬ್ರೇಕ್ ತುಳಿದಳು. ಸಂಡಿಗೆ ತಿರುವಿ ಹಾಕುತ್ತಿದ್ದ ಹೆಂಗಸು ನಕ್ಕಳು.

"ಎಮ್ಮಿ ಸತ್ತು ಸಂಜಿ ಆತು. ಕಣ್ಣ ಎಲ್ಲಿತ್ತು?"

"ಗೋಡಿ ಐತಲ್ರೀ ಟೀಚರ್, ಎಮ್ಮಿ ಎಲ್ಲೈತ್ರೀ!"

"ಎಮ್ಮಿ ಬರೋದಕ್ಕಿಂತ ಮದಲ ಕಾಣಬೇಕು. ಅದ ಡ್ರೈವಿಂಗು."

ಕಚೇರಿಗೆ ಹೊರಟಿದ್ದ ದಾಕ್ಷಾಯಣಿ ಕಿಟಕಿಯ ಬಳಿ ನಿಂತು ನೋಡಿದಳು. ಎಮ್ಮೆ ಎಂದು ಕೂಗುವಾಗ ಅತ್ತೆಯ ಬಲಗಾಲು ಕೆಳಗೆ ಒತ್ತಿತ್ತು. ಎಡ ಸೀಟಿನ ಮುಂದೆಯೂ ಒಂದು ಬ್ರೇಕ್ ಇದೆ. ಕಲಿಸುವವರಿಗೆಂದೇ ಹಾಕಿಸಿದ್ದು. ಇಷ್ಟು ವರ್ಷ ಈ ಗಾಡಿಯಲ್ಲಿ ಓಡಾಡಿಯೂ ಅದರ ಬಗ್ಗೆ ಅವಳು ಯೋಚಿಸಿರಲಿಲ್ಲ. ಮೆಹರುನ್ನಿಸಾಳ ಕಾಲು ಇನ್ನೂ ಎಕ್ಸಿಲರೇಟರ್ ಮೇಲಿರುವಾಗಲೇ ಅತ್ತೆಯ ಕಾಲು ಬ್ರೇಕಿನ ಮೇಲಿತ್ತು.

ಸಾಮಾನ್ಯವಾಗಿ ಗಾಡಿ ಓಡಿಸುವವರು ಎರಡಕ್ಕೂ ಒಂದೇ ಕಾಲು ಬಳಸುತ್ತಾರೆ. ಆ ಕಾಲು ಎಕ್ಸಿಲರೇಟರ್ ಬಿಟ್ಟ ಮೇಲೆಯೇ ಬ್ರೇಕಿಗೆ ಬರಬೇಕು. ಇಂಜಿನ್ ಮುಂದಕ್ಕೆ ಎಳೆಯುತ್ತಿರುವಾಗಲೇ ಬ್ರೇಕ್ ಹಿಂದಕ್ಕೆ ಹಿಡಿಯುವುದು ಇಬ್ಬರ ಕಾಲು ಸೇರಿದ ಗಾಡಿಯಲ್ಲಿ ಸಹಜ. ಅಂಥ ನಡುಕವನ್ನು ಹೆಜ್ಜೆಮನೆಯ ಯಂತ್ರ ಏನು ಮಾಡುತ್ತದೆಂದು ಅವಳಿಗೆ ಗೊತ್ತಿತ್ತು. ಅದನ್ನು ಗಾಡಿಯ ರಿಪೇರಿಯ ದೋಷವೆಂದು ಬಗೆದು, ಕಸವೆಂದು ಸೋಸಿ ಎಸೆಯುತ್ತದೆ.

*

ಪ್ರತಿ ಬಂದ ದಿನ ಅಡುಗೆಮನೆಯೇ ಪ್ರಯೋಗಶಾಲೆಯಾಯಿತು. ಮಾಲಕರಿಗೆ ಕೊಡುವುದು ಸೋಸದೆ ಇಟ್ಟ ಪ್ರತಿ; ಕಸವೂ ಅದರಲ್ಲಿರುತ್ತದೆ. ದಾಕ್ಷಾಯಣಿ ಹಿಟ್ಟಿನ ಡಬ್ಬಿಗೆ ಪರದೆಯನ್ನು ಒರಗಿಸಿ ಹದಿನೇಳು ನಡಿಗೆಗಳನ್ನೂ ಒಂದರ ಕೆಳಗೊಂದು ಹರಡಿದಳು. ಬಸಲಿಂಗವ್ವ ಮೂಗಿನ ತುದಿಗೆ ಕನ್ನಡಕ ಇಳಿಸಿ ಬಗ್ಗಿದಳು.

"ಈಕಿ ಸರೋಜಾ. ಹಿಂಗ ಕುಪ್ಪಳಿಸೋದು ಅಕಿನ."

"ಅಲ್ರೀ ಅತ್ತಿ, ದಿನಾಂಕ ನೋಡ್ರಿ. ಆವಾಗ ಸರೋಜಕ್ಕಗ ಲೈಸೆನ್ಸ್ ಬಂದು ಸ್ಕೂಲ್ ವ್ಯಾನ್ ಹೊಡಿಯಾಕ ಸೇರಿದ್ರು."

"ಹಂಗಾರ ಆ ಬ್ಯಾಂಕಿನಾಕಿ. ಅಲ್ಲ, ಬ್ಯಾಂಕಿನಾಕಿ ತೆವಳತಿದ್ಲು." ಬಸಲಿಂಗವ್ವ ಹಟಕ್ಕೆ ಬಿದ್ದು ಇನ್ನಾರು ಹೆಸರು ಹೇಳಿದಳು. ಅರ್ಧಕ್ಕರ್ಧ ತಪ್ಪು. ಕೊನೆಗೆ ತಾನೇ ನಕ್ಕು, "ಮುಖ ನೆನಪದಾವವ್ವ. ಗೆರಿ ನೋಡಿ ಯಾರಿಗೆ ತಿಳಿತಾವ" ಎಂದು ಚಹಾ ಕುದಿಸಲು ಎದ್ದಳು.

ಯಂತ್ರ ಎಸೆಯುತ್ತಿದ್ದ ಭಾಗವನ್ನು ದಾಕ್ಷಾಯಣಿ ಬೇರೆ ಮಾಡಿ ತೆಗೆದಳು. ಮೇಲಿನ ಗೆರೆಗಳು ಒಂದಕ್ಕೊಂದು ಹೋಲುತ್ತಿರಲಿಲ್ಲ. ಕಸದ ಗೆರೆ ಮಾತ್ರ ಹದಿನೇಳರಲ್ಲೂ ಒಂದೇ. ಮೊದಲು ಮೆಲ್ಲಗೆ ಮುಟ್ಟಿದ್ದು, ಆಮೇಲೆ ಗಟ್ಟಿಯಾಗಿ ಹಿಡಿದದ್ದು, ಬಿಡುವಾಗ ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಬಿಟ್ಟದ್ದು. ಕಲಿಯುವವಳು ಎಷ್ಟೇ ಜಿಗಿದರೂ, ಹೆದರಿದರೂ, ಅವಳ ಕೆಳಗೆ ಆ ಒಂದು ಕಾಲು ಇತ್ತು.

"ಅತ್ತೀ, ಸಿಕ್ತು! ಹದಿನೇಳರಾಗೂ ನೀವ ಅದೀರಿ!"

ಬಸಲಿಂಗವ್ವ ಚಹಾದ ಬಟ್ಟಲು ಹಿಡಿದು ಬಂದು, ಅರ್ಥವಾಗದಿದ್ದರೂ ಆ ಗೆರೆಯ ಮೇಲೆ ಬೆರಳು ಆಡಿಸಿದಳು. "ಇದು ನನ್ನ ಕಾಲೇನು? ಛಲೋ ಐತೆಲ್ಲ!" ಎಂದು ಹಿಗ್ಗಿದಳು. ಓಣಿಗೆಲ್ಲ ಕೇಳುವ ಹಾಗೆ ಮಗನನ್ನು ಕರೆದಳು.

ವಿಚಾರಣೆಗೆ ತಯಾರಿ ಮಾಡುವಾಗ ದಾಕ್ಷಾಯಣಿ ಆ ಗೆರೆಗಳನ್ನು ಹಳೆಯದರಿಂದ ಹೊಸದಕ್ಕೆ ಕಾಲಾನುಕ್ರಮದಲ್ಲಿ ಜೋಡಿಸಿದಳು. ಗಿರಣಿಯ ಮುಂದಿನ ರಸ್ತೆಯಲ್ಲಿ ಒಂದು ಉಬ್ಬು ಇದೆ. ಪಾಠದ ಗಾಡಿ ಅದನ್ನು ದಿನವೂ ಹಾಯುತ್ತಿತ್ತು. ಹಳೆಯ ದಾಖಲೆಗಳಲ್ಲಿ ಅತ್ತೆಯ ಕಾಲು ಉಬ್ಬಿಗಿಂತ ಸಾಕಷ್ಟು ಮೊದಲೇ ಬ್ರೇಕ್ ಮುಟ್ಟಿತ್ತು. ಈಚೆಗೆ ಬಂದಂತೆ ಆ ಅಂತರ ಕಿರಿದಾಗುತ್ತ ಬಂದಿತ್ತು. ಕಳೆದ ತಿಂಗಳ ದಾಖಲೆಯಲ್ಲಿ ಗಾಡಿಯ ಮುಂದಿನ ಗಾಲಿ ಉಬ್ಬು ಹತ್ತಿದ ಮೇಲೆ ಕಾಲು ಒತ್ತಿತ್ತು.

ಅವಳು ಮತ್ತೊಮ್ಮೆ ಜೋಡಿಸಿದಳು, ಬೇರೆ ರಸ್ತೆಯ ಬೇರೆ ಉಬ್ಬು ಹಿಡಿದು. ಅಲ್ಲೂ ಹಾಗೇ.

ವರಾಂಡದಲ್ಲಿ ಅತ್ತೆ ಪಕ್ಕದ ಮನೆಯವರಿಗೆ ತನ್ನ ಕಾಲಿನ ಕೀರ್ತಿ ಹೇಳುತ್ತಿದ್ದಳು. ದಾಕ್ಷಾಯಣಿ ಪರದೆಯನ್ನು ಮಗುಚಿ ಇಟ್ಟಳು. ಹಳೆಯ ಗೆರೆಗಳನ್ನಷ್ಟೇ ತೋರಿಸಿದರೆ? ಹಂಚಿನಾಳರು ಹದಿನೇಳನ್ನೂ ಕೇಳುತ್ತಾರೆ. ಕೇಳದೇ ಹೋದರೂ, ಆ ಎಡ ಸೀಟಿನ ಭರವಸೆಯ ಮೇಲೆ ಮೆಹರುನ್ನಿಸಾ ಓಣಿಗಳಲ್ಲಿ ಗಾಡಿ ಇಳಿಸುತ್ತಾಳೆ. ಎದುರಿಗೆ ಗೋಡೆಯ ಬದಲು ಖರೇ ಎಮ್ಮೆಯೇ ಬಂದರೆ? ಎಮ್ಮೆಯ ಜಾಗದಲ್ಲಿ ಯಾರದಾದರೂ ಮಗು?

*

ಮರುದಿನ ಬೆಳಿಗ್ಗೆ ಬಸಲಿಂಗವ್ವ ಗಾಡಿಯ ಗಾಜು ಒರೆಸುತ್ತಿದ್ದಳು. ಗಾಡಿ ಓಡಲಿ ಬಿಡಲಿ, ಗಾಜು ಒರೆಸುವುದು ತಪ್ಪುತ್ತಿರಲಿಲ್ಲ. ದಾಕ್ಷಾಯಣಿ ಎರಡು ಬಟ್ಟಲು ಚಹಾ ತಂದು, "ಒಳಗ ಕೂಡೋಣ ಬರ್ರಿ ಅತ್ತಿ" ಎಂದಳು. ಇಬ್ಬರೂ ಗಾಡಿಯೊಳಗೆ ಕೂತರು. ಅತ್ತೆ ಎಡಕ್ಕೆ, ಸೊಸೆ ಬಲಕ್ಕೆ.

ಹೇಗೆ ಶುರು ಮಾಡಬೇಕೋ ತಿಳಿಯದೆ ದಾಕ್ಷಾಯಣಿ ಕೆಳಗೆ ನೋಡಿದಳು. ಅತ್ತೆಯ ಎಡಗಾಲಿನಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದು.

"ಬಲಗಾಲಿನ ಚಪ್ಪಲಿ ಎಲ್ರೀ?"

ಬಸಲಿಂಗವ್ವ ಬಗ್ಗಿ ನೋಡಿದಳು. ಅಂಗಳದ ನಡುವೆ ಚಪ್ಪಲಿ ಬಿದ್ದಿತ್ತು. "ಅಲ್ಲೇ ಬಿಟ್ಟೇನೇನ. ಗೊತ್ತಾಗಿಲ್ಲ."

"ಹಿಂಗ ಭಾಳ ಸಲ ಆಗತೈತೇನು?"

"ಯಾಕ ಕೇಳತಿ?"

ದಾಕ್ಷಾಯಣಿ ಹೇಳಿದಳು. ಉಬ್ಬಿನ ವಿಷಯ, ಗೆರೆಗಳು ಜರುಗುತ್ತ ಬಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ. ಹೇಳಿ ಮುಗಿಸಿದ ಮೇಲೆ ತನ್ನ ಚಹಾ ಆರಿಹೋದದ್ದು ಕಂಡಿತು.

ಬಸಲಿಂಗವ್ವ ಚಹಾದ ಬಟ್ಟಲನ್ನು ಪಕ್ಕಕ್ಕಿಟ್ಟಳು. ಬಾಗಿಲು ತೆಗೆದು ಇಳಿದು, ಅಂಗಳದ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಸೊಸೆ ಮಾಡಿದ ಜುಣಕ ಮುಟ್ಟಲಿಲ್ಲ. ಮಗ ಕೇಳಿದರೆ, "ನಿನ್ನ ಹೇಣ್ತಿನ್ನ ಕೇಳು. ಅಕಿಗೆ ನನ್ನ ಕಾಲಿನ ಜಾತಕ ಗೊತ್ತೈತಿ" ಎಂದಳು. ವಿರೂಪಾಕ್ಷ ರೈಲ್ವೆಯಲ್ಲಿ ಇಂಜಿನ್ ಓಡಿಸುವವನು. ಕಣ್ಣು ಕೈ ನೆಟ್ಟಗಿವೆಯೇ ಎಂದು ಆಗಾಗ ಅವನನ್ನೂ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಗೆ ಹೋಗುವ ದಿನ ಅವನೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಹಾಗಾಗಿ ತಾಯಿಯ ಹತ್ತಿರ ಸುಮ್ಮನೆ ಕೂತ.

ದಾಕ್ಷಾಯಣಿ ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಅತ್ತೆಯ ಧ್ವನಿ ಕೇಳಿತು.

"ಹೋದ ತಿಂಗಳು ಗಿರಣಿ ಮುಂದ ಗಾಡಿ ಜಿಗಿದಾಗ ಆ ಹುಡಗಿ ಮೆಹರುನ್ನಿಸಾಗ ಬೈದೆ. 'ಕಣ್ಣ ಎಲ್ಲಿಟ್ಟಿದಿ' ಅಂದೆ. ಅಕಿ ಅತ್ತಳು. ತಪ್ಪು ನಂದಿತ್ತು, ಹೌದಿಲ್ಲೋ?"

ದಾಕ್ಷಾಯಣಿ ತಿರುಗಿ ನೋಡಿದಳು. ಅತ್ತೆ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಇಷ್ಟು ಸಣ್ಣ ಧ್ವನಿಯಲ್ಲಿ ಅವಳು ಮಾತಾಡಿದ್ದನ್ನು ಸೊಸೆ ಕೇಳಿರಲಿಲ್ಲ. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಹೋಗಿ ಅವಳ ಕೈ ಹಿಡಿದಳು.

"ಎಲ್ಲಾ ತೋರಸು," ಎಂದಳು ಬಸಲಿಂಗವ್ವ. "ಅರ್ಧಾ ತೋರಸಿದ್ರ ಅದೂ ಸುಳ್ಳ ನಂಬರ್ ಪ್ಲೇಟ್ ಇದ್ದಂಗ."

*

ವಿಚಾರಣೆಯ ದಿನ ಗಾಡಿಯನ್ನು ಬೇಡಿಯ ಸಮೇತ ಎತ್ತಿಕೊಂಡು ಹೆಜ್ಜೆಮನೆಯ ಆವರಣಕ್ಕೆ ತಂದರು. ಅಲ್ಲಿ ಪರೀಕ್ಷೆಗೆಂದೇ ತಂತು ಹಾಸಿದ ಚಿಕ್ಕ ರಸ್ತೆಯಿದೆ, ನಡುವೆ ಒಂದು ಉಬ್ಬು. ಬೇಡಿಗೆ ಬಾಯಿ ಬಿಡುವ ಆಜ್ಞೆ ಹೋಯಿತು. ಎಡ ಸೀಟಿನಲ್ಲಿ ಬಸಲಿಂಗವ್ವ ಕೂತಳು.

ಮೊದಲು ಮೆಹರುನ್ನಿಸಾ ಓಡಿಸಿದಳು. ಪರದೆ, 'ವಾಹನ ಒಂದು' ಎಂದಿತು. ವ್ಯಾನ್ ಬಿಟ್ಟು ಓಡಿ ಬಂದಿದ್ದ ಹಳೆಯ ಶಿಷ್ಯೆ ಸರೋಜಾ ಓಡಿಸಿದಳು. 'ವಾಹನ ಎರಡು.' ಹಂಚಿನಾಳರು ಗದ್ದ ಸವರಿಕೊಂಡು, "ನಾ ಒಂದು ಸುತ್ತ ಹೊಡೀಲೇನು?" ಎಂದರು. ಅವರಿಗೆ ಗೇರಿನ ಗಾಡಿ ಮರೆತೇ ಹೋಗಿತ್ತು. ಗಾಡಿ ಎರಡು ಸಲ ಸತ್ತು, ಮೂರನೇ ಸಲ ಕಪ್ಪೆಯ ಹಾಗೆ ಹಾರಿ ಹೊರಟಿತು. ಉಬ್ಬಿನ ಮೇಲೆ ಒಳಗಿದ್ದವರ ತಲೆ ಗಾಡಿಯ ಟಾಪಿಗೆ ಬಡಿಯಿತು. 'ವಾಹನ ಮೂರು. ಬೇಡಿ ಶಿಫಾರಸು ಮಾಡಲಾಗಿದೆ.'

ಕೆಳಗಿಳಿದ ಹಂಚಿನಾಳರು ನೆತ್ತಿ ಸವರಿಕೊಳ್ಳುತ್ತ, "ನನಗೂ ಬೇಡಿ ಹಾಕಾಕ ಹೇಳಾಕತ್ತೈತಲ್ಲ!" ಎಂದು ಜೋರಾಗಿ ನಕ್ಕರು. ಆಮೇಲೆ ದಾಕ್ಷಾಯಣಿ ಯಂತ್ರ ಎಸೆದಿದ್ದ ಕಸವನ್ನು ತೆಗೆದು ತೋರಿಸಿದಳು. ಮೂರರಲ್ಲೂ ಅದೇ ಕಾಲು. ಅದರ ಪಕ್ಕದಲ್ಲಿ ಹಳೆಯ ಹದಿನೇಳು. ಹಂಚಿನಾಳರು ಬಹಳ ಹೊತ್ತು ನೋಡಿ, "ಇದಕ್ಕ ಇನ್ನೇನು ಸಾಕ್ಷಿ ಬೇಕು" ಎಂದರು.

"ಇನ್ನೊಂದು ಐತ್ರೀ ಸಾಹೇಬ್ರ," ಎಂದಳು ಬಸಲಿಂಗವ್ವ.

ದಾಕ್ಷಾಯಣಿ ತಾನು ಹೇಳುತ್ತೇನೆಂದು ಬಾಯಿ ತೆರೆದಳು. ಅತ್ತೆ ಕೈ ಅಡ್ಡ ಮಾಡಿದಳು.

"ನಿಮ್ಮ ತಲಿ ಟಾಪಿಗೆ ಬಡೀತಲ್ಲ, ಅದು ನಿಮ್ಮ ತಪ್ಪಲ್ಲ. ಉಬ್ಬಿಗಿಂತ ಮದಲ ನಾ ಹಿಡೀಬೇಕಿತ್ತು. ಹಿಡದೆ ಅಂತನ ತಿಳಕೊಂಡಿದ್ದೆ. ಕಾಲು ಮುಟ್ಟಿದ್ದು ನನಗ ತಡಾ ಮಾಡಿ ತಿಳಿತೈತಿ." ಅವಳು ಸೆರಗು ಸರಿಮಾಡಿಕೊಂಡಳು. "ಗಾಡಿ ಖರೇ ಐತ್ರೀ. ಕಾಲು ಸುಳ್ಳ ಆಗೇತಿ. ಗಾಡಿ ಬಿಡ್ರಿ, ನನ್ನ ಎಡ ಸೀಟಿನ ಪರವಾನಗಿ ಇಟ್ಕೊಳ್ರಿ. ಡಾಕ್ಟರು ಹೂಂ ಅಂದ ದಿನ ತಿರಗಿ ಇಸಗೊಂಡ ಹೋಗತೀನಿ."

ಮೆಹರುನ್ನಿಸಾ, "ಟೀಚರ್..." ಎಂದಳು.

"ನಿನಗ ಗಿರಣಿ ಮುಂದ ಬೈದಿದ್ದೆ ನೋಡು, ಅದು ನನಗ ಸೇರಿದ್ದು. ಮನಸಿನ್ಯಾಗ ಇಟ್ಕೋಬ್ಯಾಡ."

ಹಂಚಿನಾಳರು ಅಂದೇ ಆಜ್ಞೆ ಬರೆದರು. ಕಲಿಸುವ ಗಾಡಿಗಳನ್ನು ಬಲ ಸೀಟಿನವರ ನಡಿಗೆಯಿಂದ ಅಳೆಯಕೂಡದು, ಕಲಿಸುವವರ ಕಾಲಿನಿಂದ ಗುರುತಿಸಬೇಕು. ಕಸವೆಂದು ಎಸೆದದ್ದನ್ನೆಲ್ಲ ತಿರುಗಿ ನೋಡಬೇಕು. ಹಾಗೆ ನೋಡಿದಾಗ, ಕಸದಲ್ಲಿದ್ದ ರಿಪೇರಿ ದೋಷದ ಗುರುತು ಒಂದೇ ಆಗಿದ್ದುದರಿಂದ, ಹಳ್ಳಿಯೊಂದರ ಕೂಡು ಕುಟುಂಬದ ಜೀಪಿಗೂ, ಆಶ್ರಮವೊಂದರ ವ್ಯಾನಿಗೂ ಹೀಗೆಯೇ ತಪ್ಪಿ ಬೇಡಿ ಬಿದ್ದದ್ದು ತಿಳಿಯಿತು. ಅವೂ ಬಿಡುಗಡೆಯಾದವು.

ಡಾಕ್ಟರು ಬಸಲಿಂಗವ್ವನ ಪಾದಕ್ಕೆ ಸೂಜಿ ಮುಟ್ಟಿಸಿ, ಕಂಪಿಸುವ ಕಡ್ಡಿ ಇಟ್ಟು ನೋಡಿದರು. ಸಕ್ಕರೆ ಕಾಯಿಲೆ ಪಾದದ ನರಕ್ಕೆ ಇಳಿದಿತ್ತು. "ಇಷ್ಟ ಲಗೂನ ಯಾರೂ ಬರಂಗಿಲ್ಲ. ಗಾಯ ಆಗಿ ಕೊಳತ ಮ್ಯಾಲೆ ಬರತಾರ. ನಿಮಗ ಹೆಂಗ ತಿಳೀತು?" ಎಂದು ಕೇಳಿದರು. "ರಸ್ತೆ ಹೇಳ್ತು," ಎಂದಳು ಬಸಲಿಂಗವ್ವ. ಡಾಕ್ಟರಿಗೆ ಅರ್ಥವಾಗಲಿಲ್ಲ. ಹೋದ ಸೂಕ್ಷ್ಮ ಪೂರ್ತಿ ತಿರುಗಿ ಬಾರದು, ಕೆಡುವುದನ್ನು ತಡೆಯಬಹುದು ಎಂದರು. ಬಸಲಿಂಗವ್ವ ಗೋದರೇಜ್ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿದ್ದ ಪೇಢೆಯ ಪೊಟ್ಟಣವನ್ನು ತಾನಾಗಿ ತಂದು ಸೊಸೆಯ ಕೈಗಿಟ್ಟಳು. ಅಳ್ಳಿಟ್ಟಿನ ಉಂಡೆಯ ವಿಷಯದಲ್ಲಿ ಮಾತ್ರ ಇನ್ನೂ ಜಗಳ ನಡೆದಿತ್ತು.

*

ಲೈಸೆನ್ಸ್ ಪರೀಕ್ಷೆಯ ಹಿಂದಿನ ದಿನ ಮೆಹರುನ್ನಿಸಾ ಮೊದಲ ಸಲ ತನ್ನ ಓಣಿಗಳಿಗೆ ಗಾಡಿ ಇಳಿಸಿದಳು. ಎಡ ಸೀಟಿನಲ್ಲಿ ಸರೋಜಾ. ಕಲಿಸುವ ಪರವಾನಗಿ ಅವಳಿಗೆ ಹೊಸದಾಗಿ ಸಿಕ್ಕಿತ್ತು. ಹಿಂದಿನ ಸೀಟಿನಲ್ಲಿ ಬಸಲಿಂಗವ್ವ, ಪಕ್ಕದಲ್ಲಿ ರಜೆ ಹಾಕಿ ಬಂದ ದಾಕ್ಷಾಯಣಿ. ಜೀವಮಾನದಲ್ಲಿ ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಿದ್ದೇ ಇಲ್ಲವೆಂದೂ, ಇಲ್ಲಿ ಇಷ್ಟು ಧೂಳಿದೆಯೆಂದು ಯಾರೂ ತನಗೆ ಹೇಳಲಿಲ್ಲವೆಂದೂ ಬಸಲಿಂಗವ್ವ ದಾರಿಯುದ್ದಕ್ಕೂ ಗೊಣಗಿದಳು.

ಓಣಿ ಕಿರಿದಾಯಿತು. ಎರಡೂ ಕಡೆ ಮನೆಯ ಕಟ್ಟೆಗಳು, ಒಣಗಿದ ಬಟ್ಟೆಗಳು. ಕನ್ನಡಿ ಗೋಡೆಗೆ ತಾಗೀತೆಂದು ಮಕ್ಕಳು ಕೂಗಿ ದಾರಿ ತೋರಿಸಿದರು. ಬಸಲಿಂಗವ್ವನ ಗೊಣಗಾಟ ನಿಂತಿತು. ಅವಳು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮಸೀದಿಯ ಹಿಂದಿನ ತಿರುವಿನಲ್ಲಿ ಪಕ್ಕದ ಸಂದಿಯಿಂದ ಒಂದು ಚೆಂಡು ಉರುಳಿ ಬಂತು.

ಬಸಲಿಂಗವ್ವನ ಕಾಲು ಕೆಳಗಿನ ಚಾಪೆಯನ್ನು ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ. ಆದರೂ ಗಾಡಿ ನಿಂತಿತು. ಇಂಜಿನ್ ಸತ್ತಿರಲಿಲ್ಲ, ಯಾರ ತಲೆಯೂ ಎಲ್ಲಿಗೂ ಬಡಿಯಲಿಲ್ಲ. ಚೆಂಡಿನ ಹಿಂದೆ ಓಡಿ ಬಂದ ಪುಟ್ಟ ಹುಡುಗಿ ಗಾಡಿಯ ಮುಂದೆಯೇ ಬಗ್ಗಿ ಚೆಂಡು ಎತ್ತಿಕೊಂಡು, ಒಳಗಿದ್ದವರಿಗೆ ಹಲ್ಲು ತೋರಿಸಿ ಓಡಿಹೋದಳು.

"ಛಲೋ ಹಿಡದಿ ಸರೋಜಾ," ಎಂದಳು ಬಸಲಿಂಗವ್ವ.

ಸರೋಜಾ ಹಿಂದಕ್ಕೆ ತಿರುಗಿದಳು. "ನಾ ಹಿಡೀಲಿಲ್ರೀ ಟೀಚರ್. ನನ್ನ ಕಾಲು ಇನ್ನೂ ಮುಟ್ಟೇ ಇಲ್ಲ."

ಎಲ್ಲರೂ ಬಲ ಸೀಟಿನತ್ತ ನೋಡಿದರು. ಮೆಹರುನ್ನಿಸಾ ಸ್ಟೇರಿಂಗ್ ಬಿಟ್ಟಿರಲಿಲ್ಲ. ಕಣ್ಣು ಆ ಹುಡುಗಿ ಹೋದ ಸಂದಿಯ ಮೇಲೇ ಇತ್ತು.

"ಚೆಂಡು ಕಾಣೂಕಿಂತ ಮದಲ ಸಪ್ಪಳ ಕೇಳಿತ್ರೀ," ಎಂದಳು. "ಹಿಂದ ಕೂಸು ಇರತೈತಂತ ಅನಿಸ್ತು. ನಾನ ಹಿಡದೆ."

ಬಸಲಿಂಗವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. ದಾಕ್ಷಾಯಣಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಕಾಲು ಇನ್ನೂ ಚಾಪೆಯನ್ನು ಒತ್ತಿಕೊಂಡೇ ಇತ್ತು. ಮೆಲ್ಲಗೆ ಸಡಿಲವಾಯಿತು.

ಹಿಂದೆ ತರಕಾರಿ ಗಾಡಿಯವನು ದಾರಿ ಬಿಡಿ ಎಂದು ಗಂಟೆ ಬಾರಿಸಿದ.

"ಕೇಳಸಂಗಿಲ್ಲೇನು?" ಎಂದಳು ಬಸ‌ಲಿಂಗವ್ವ, ತನ್ನ ಹಳೆಯ ಗಂಟಲಿನಲ್ಲಿ. "ಹಿಂದ ಮಂದಿ ನಿಂತಾರ. ಒಂದನೇ ಗೇರು ಹಾಕು, ನಡಿ."